ಕಂಪನಿ ಹತ್ತಿರ ಎಷ್ಟು ತಿಂಗಳ ದುಡ್ಡಿದೆ?

ಹೊರದೇಶದ ಸಣ್ಣ ಕಂಪನಿಯೊಂದು ನಮ್ಮ ಹುಡುಗನಿಗೋ ಹುಡುಗಿಗೋ ಕೆಲಸ ಕೊಟ್ಟು, ವೀಸಾನೂ ನಾವೇ ಮಾಡಿಸ್ತೀವಿ ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ. ಸಂಬಳ ಎಷ್ಟು? ನಮ್ಮ ದುಡ್ಡಲ್ಲಿ ಎಷ್ಟಾಯ್ತು? ಅಲ್ಲಿ ಚಳಿ ಹೇಗೆ? ನಮ್ಮ ಕಡೆಯವರು ಯಾರಾದ್ರೂ ಇದಾರಾ? ಊಟಕ್ಕೆ ಎಂತ ಮಾಡ್ತಾನೆ? ಎಲ್ಲವೂ ಕೇಳಬೇಕಾದವೇ. ಆದರೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಆ ಕಂಪನಿ ಹತ್ತಿರ ಎಷ್ಟು ತಿಂಗಳ ದುಡ್ಡಿದೆ?

ಇದನ್ನು ಕೇಳು ಅಂದರೆ ಎಷ್ಟೋ ಜನರಿಗೆ ಮುಜುಗರ. ಕೆಲಸ ಕೊಡುವವರ ಹತ್ತಿರ ಹಾಗೆಲ್ಲ ಕೇಳೋದುಂಟಾ ಅಂತಾರೆ. ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಡುವಾಗ ನಾವೇ ಎಷ್ಟು ವಿಚಾರಿಸುತ್ತೇವೆ ನೋಡಿ. ಹೋದ ವರ್ಷ ಚೇಣಿ ಹಿಡಿಯುವವನು ಯಾರ ತೋಟ ಹಿಡಿದಿದ್ದ, ದುಡ್ಡು ಪೂರ್ತಿ ಕೊಟ್ಟನಾ, ಮುಂಗಡ ಎಷ್ಟು, ನಡುವೆ ದರ ಬಿದ್ದರೆ ಕೈ ಎತ್ತುವ ಪೈಕಿಯಾ ಅಂತ ನಾಲ್ಕು ಮನೆಯಲ್ಲಿ ಕೇಳಿಯೇ ಮಾತು ಕೊಡುತ್ತೇವೆ. ಅದು ಒಂದು ವರ್ಷದ ಫಸಲಿನ ಮಾತು. ಮಕ್ಕಳ ನಾಲ್ಕೈದು ವರ್ಷದ ಬದುಕಿನ ವಿಷಯಕ್ಕೆ ಬಂದಾಗ ಮಾತ್ರ ಆಫರ್ ಲೆಟರ್ ನೋಡಿ ಸುಮ್ನೆ ಕೈ ಮುಗಿದುಬಿಡುತ್ತೇವೆ.

ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಎಚ್‌ಆರ್ ಆಗಿದ್ದೆ. ಆ ಕಂಪನಿ ಲಂಡನ್‌ನಲ್ಲಿ ಆಫೀಸು ತೆರೆದಾಗ ಅಲ್ಲಿಯ ಸರ್ಕಾರದಿಂದ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸುವ ಅನುಮತಿ ಪಡೆಯುವ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು. ಈಗ ತೀರ್ಥಹಳ್ಳಿ ಹತ್ತಿರ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಾಗಾಗಿ ಸುತ್ತಮುತ್ತಲಿನ ಮಕ್ಕಳಿಗೆ ಇಂಥ ಆಫರ್ ಬಂದಾಗ, "ಅಕ್ಕಾ, ಒಂದ್ಸಲ ನೋಡ್ತೀರಾ?" ಅಂತ ಬರುತ್ತಾರೆ. ನೋಡುವುದು ನನಗೆ ಇಷ್ಟ. ಈ ವಿಷಯದಲ್ಲಿ ನನಗೆ ಕಳಕಳಿಯೂ ಇದೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಸ್ಟಾರ್ಟಪ್‌ಗಳಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಕಂಪನಿಗೆ ನೂರಾರು ಅರ್ಜಿಗಳಲ್ಲಿ ನಿಮ್ಮದೂ ಒಂದು ಅರ್ಜಿ. ಹತ್ತು ಹದಿನೈದು ಜನರ ಕಂಪನಿಗೆ ಹಾಗಲ್ಲ. ಅವರು ವೀಸಾ ಮಾಡಿಸಲು ಮುಂದೆ ಬಂದರು ಅಂದರೆ ಬೇಕಾದ ಕೆಲಸ ಬಲ್ಲವರು ಅವರ ಊರಲ್ಲಿ ಸಿಕ್ಕಿಲ್ಲ, ನೀವು ಸಿಕ್ಕಿದ್ದೀರಿ. ಆ ಕಾಗದಗಳ ಹಿಂದೆ ಮಾಲೀಕರೇ ಕೂತು ಒದ್ದಾಡಿರುತ್ತಾರೆ. ಅಂಥ ಕಡೆ ಕಲಿಯುವುದು ಜಾಸ್ತಿ, ಬೆಳೆಯುವುದೂ ಬೇಗ. ಶಿವಮೊಗ್ಗದ ಕಾಲೇಜಿನಲ್ಲಿ ಓದಿದ ಮಕ್ಕಳಿಗೆ ಈ ಬಾಗಿಲು ತೆರೆದಿರುವುದು ನನಗೆ ನಿಜಕ್ಕೂ ಖುಷಿ. ಆದರೆ ಒಂದು ಸಂಗತಿ ಮನೆಯವರಿಗೆ ಗೊತ್ತಿರಬೇಕು. ಇಂಥ ವೀಸಾದಲ್ಲಿ ನೀವು ಆ ದೇಶದಲ್ಲಿ ಇರುವುದೇ ಆ ಕಂಪನಿ ಇರುವುದರ ಮೇಲೆ. ಬೆಂಗಳೂರಲ್ಲಿ ಸ್ಟಾರ್ಟಪ್ ಮುಚ್ಚಿದರೆ ಕೆಲಸ ಹೋಗುತ್ತದೆ. ಅಲ್ಲಿ ಮುಚ್ಚಿದರೆ ಕೆಲಸ, ಬಾಡಿಗೆ ಮನೆ, ಮಗುವಿನ ಶಾಲೆ ಎಲ್ಲಕ್ಕೂ ಒಟ್ಟಿಗೆ ಕುತ್ತು ಬರುತ್ತದೆ.

ಹೋದ ವರ್ಷ ಹೊಸನಗರದ ಕಡೆಯ ಹುಡುಗನೊಬ್ಬ ಬಂದಿದ್ದ. ಅವನ ತಾಯಿ ದೂರದ ಸಂಬಂಧದಲ್ಲಿ ನನಗೆ ಚಿಕ್ಕಮ್ಮ ಆಗಬೇಕು. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕೆಂದರೆ ಗುಡ್ಡ ಹತ್ತಬೇಕು. ನಮ್ಮಲ್ಲಿ ಫೈಬರ್ ಇದೆ ಅಂತ ಅಮ್ಮ ಮಗ ಇಬ್ಬರೂ ಬಸ್ಸು ಹತ್ತಿ ಬಂದರು. ಲಂಡನ್‌ನ ಹದಿನಾಲ್ಕು ಜನರ ಕಂಪನಿ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವವರು. ಸಂಬಳ ವರ್ಷಕ್ಕೆ 56 ಸಾವಿರ ಪೌಂಡ್, ಅಂದರೆ ಅರವತ್ತು ಲಕ್ಷ ರೂಪಾಯಿ ದಾಟುತ್ತದೆ. ಚಿಕ್ಕಮ್ಮನಿಗೆ ಆ ಅಂಕಿ ಕೇಳಿಯೇ ಸ್ವಲ್ಪ ಭಯ ಆಗಿತ್ತು.

ನಾನು ಮೊದಲು ಬ್ರಿಟನ್ ಸರ್ಕಾರದ ಪಟ್ಟಿ ತೆಗೆದೆ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಜನರನ್ನು ಕರೆಸಲು ಲೈಸೆನ್ಸ್ ಇರುವ ಎಲ್ಲ ಕಂಪನಿಗಳ ಹೆಸರೂ ಅದರಲ್ಲಿ ಇರುತ್ತದೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲ. ಕಂಪನಿಯ ಹೆಸರು ಹುಡುಕಿದೆ, ಇತ್ತು. ಅರ್ಧ ಆತಂಕ ಅಲ್ಲೇ ಇಳಿಯಿತು.

ಆಮೇಲೆ ಕಂಪನೀಸ್ ಹೌಸ್. ಬ್ರಿಟನ್‌ನಲ್ಲಿ ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿ ಅದು. ಅದರ ವೆಬ್‌ಸೈಟಿನಲ್ಲಿ ಪ್ರತಿ ಕಂಪನಿಯೂ ಸಲ್ಲಿಸಿದ ಲೆಕ್ಕಪತ್ರ, ಡೈರೆಕ್ಟರುಗಳ ಹೆಸರು, ಆಸ್ತಿ ಅಡ ಇಟ್ಟು ಸಾಲ ಮಾಡಿದ್ದರೆ ಅದರ ವಿವರ ಎಲ್ಲ ಪುಕ್ಕಟೆಯಾಗಿ ಸಿಗುತ್ತದೆ. ಸಣ್ಣ ಕಂಪನಿಗಳು ಪೂರ್ತಿ ಲಾಭ ನಷ್ಟ ತೋರಿಸದೇ ಇರಬಹುದು. ಆದರೂ ಆಸ್ತಿ ಎಷ್ಟು, ಸಾಲ ಎಷ್ಟು ಅಂತ ಹೇಳುವ ಬ್ಯಾಲೆನ್ಸ್ ಶೀಟ್ ಇರುತ್ತದೆ. ಅದರಲ್ಲಿ ಕೈಯಲ್ಲಿರುವ ನಗದು ಮತ್ತು ವರ್ಷದೊಳಗೆ ತೀರಿಸಬೇಕಾದ ಸಾಲ ಅನ್ನುವ ಎರಡು ಸಾಲು ನೋಡಿದರೆ ಅಂದಾಜು ಸಿಗುತ್ತದೆ. ಈ ಕಂಪನಿಯ ನಗದು 3 ಲಕ್ಷ 80 ಸಾವಿರ ಪೌಂಡ್ ಇತ್ತು. ಹದಿನಾಲ್ಕು ಜನರ ಸಂಬಳ, ಬಾಡಿಗೆ, ತೆರಿಗೆ ಎಲ್ಲ ಸೇರಿ ತಿಂಗಳಿಗೆ ಒಂದು ಲಕ್ಷ ಪೌಂಡ್ ಹಿಡಿಯಬೇಕು. ಹಾಗಾದರೆ ನಾಲ್ಕು ತಿಂಗಳೂ ಬಾರದು. ಹುಡುಗನ ಮುಖ ಸಣ್ಣಗಾಯಿತು.

"ಎಂತದೇ ಅದು? ಚೆನ್ನಾಗಿಲ್ವಾ ಕಂಪನಿ?" ಅಂದರು ಚಿಕ್ಕಮ್ಮ.

"ತಡೀರಿ ಚಿಕ್ಕಮ್ಮ, ಇದು ಹಳೇ ಲೆಕ್ಕ," ಅಂದೆ. ಅಲ್ಲಿ ಖಾಸಗಿ ಕಂಪನಿಗೆ ಲೆಕ್ಕ ಸಲ್ಲಿಸಲು ಆರ್ಥಿಕ ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳ ಗಡುವು ಇರುತ್ತದೆ. ಹಾಗಾಗಿ ನಾವು ನೋಡುವ ಬ್ಯಾಲೆನ್ಸ್ ಶೀಟ್ ಯಾವಾಗಲೂ ಸ್ವಲ್ಪ ಹಳೆಯದೇ. ಹೊಸ ಸುದ್ದಿ ಬೇಕಾದರೆ ಎಸ್‌ಎಚ್01 ಅನ್ನುವ ಫಾರಂ ನೋಡಬೇಕು. ಕಂಪನಿ ಹೊಸ ಷೇರು ಕೊಟ್ಟಾಗಲೆಲ್ಲ ಅದನ್ನು ಸಲ್ಲಿಸುತ್ತದೆ. ಎಷ್ಟು ಷೇರು, ಒಂದಕ್ಕೆ ಎಷ್ಟು ಬೆಲೆ ಅಂತ ಅದರಲ್ಲೇ ಇರುತ್ತದೆ. ಎರಡನ್ನೂ ಗುಣಿಸಿದರೆ ಹೂಡಿಕೆದಾರರು ಹಾಕಿದ ದುಡ್ಡು ಎಷ್ಟು ಅಂತ ತಿಳಿಯುತ್ತದೆ. ಈ ಕಂಪನಿ ಎರಡು ತಿಂಗಳ ಹಿಂದಷ್ಟೇ ಅಂಥ ಫಾರಂ ಹಾಕಿತ್ತು. ಗುಣಿಸಿ ನೋಡಿದರೆ ಸುಮಾರು ಹನ್ನೆರಡು ಲಕ್ಷ ಪೌಂಡ್ ಬಂದಿತ್ತು. ಹುಡುಗ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದ.

ಅಷ್ಟಾದರೂ ಅವನಿಂದ ಒಂದು ಮೇಲ್ ಬರೆಸಿದೆ. ಕಂಪನಿಗೆ ಈಗ ಎಷ್ಟು ತಿಂಗಳಿಗೆ ಸಾಕಾಗುವ ಹಣ ಇದೆ, ಮುಂದಿನ ಫಂಡಿಂಗ್ ಯಾವಾಗ ನೋಡುತ್ತಿದ್ದೀರಿ, ಈ ಮೊದಲು ಎಷ್ಟು ಜನರಿಗೆ ವೀಸಾ ಮಾಡಿಸಿದ್ದೀರಿ, ವೀಸಾ ಖರ್ಚಿನಲ್ಲಿ ಯಾವುದು ನಿಮ್ಮದು ಯಾವುದು ನನ್ನದು. ಮರ್ಯಾದೆಯಿಂದ, ನೇರವಾಗಿ. ಕಳಿಸುವ ಬಟನ್ ಒತ್ತಲು ಅವನಿಗೆ ಧೈರ್ಯವೇ ಬರಲಿಲ್ಲ. ಆಫರ್ ವಾಪಸ್ ತಗೊಂಡ್ರೆ ಅನ್ನುವ ಹೆದರಿಕೆ. ಇಷ್ಟು ಕೇಳಿದ್ದಕ್ಕೆ ಆಫರ್ ವಾಪಸ್ ಪಡೆಯುವ ಕಂಪನಿ ನಾಳೆ ಕಷ್ಟ ಬಂದಾಗ ನಿನ್ನ ಹತ್ತಿರ ನಿಜ ಹೇಳುತ್ತದಾ ಅಂತ ನಾನು ಕೇಳಿದೆ. ಮರುದಿನವೇ ಮಾಲೀಕನ ಉತ್ತರ ಬಂತು. ಹದಿಮೂರು ತಿಂಗಳಿಗೆ ಸಾಕಾಗುವಷ್ಟು ಇದೆ, ಒಂಬತ್ತನೇ ತಿಂಗಳಿಂದ ಮತ್ತೆ ಹಣ ಹುಡುಕಲು ಶುರು ಮಾಡುತ್ತೇವೆ, ನೀನು ನಾವು ಸ್ಪಾನ್ಸರ್ ಮಾಡುವ ಮೂರನೆಯವನು, ಕಂಪನಿ ಕಷ್ಟಕ್ಕೆ ಬಂದರೆ ವೀಸಾದಲ್ಲಿ ಇರುವವರಿಗೆ ಮೊದಲೇ ತಿಳಿಸುತ್ತೇವೆ ಅಂತ ಬರೆದಿದ್ದ. ಹದಿಮೂರು ತಿಂಗಳು ಏನೂ ದೊಡ್ಡ ಭದ್ರತೆ ಅಲ್ಲ. ಆದರೆ ಬಚ್ಚಿಡದೆ ಹೇಳಿದ ಅಂಕಿ. ಹುಡುಗ ಹೋದ. ಈಗಲೂ ಅಲ್ಲೇ ಕೆಲಸದಲ್ಲಿದ್ದಾನೆ.

ಸಾಗರದ ಹುಡುಗಿಯೊಬ್ಬಳ ಕಥೆ ಹೀಗಾಗಲಿಲ್ಲ. ಅವಳಿಗೂ ಬ್ರಿಟನ್‌ನ ಸಣ್ಣ ಕಂಪನಿಯೊಂದರ ಆಫರ್. ಲೈಸೆನ್ಸಿಗೆ ಅರ್ಜಿ ಹಾಕುತ್ತಿದ್ದೇವೆ, ಬಂದೇ ಬರುತ್ತದೆ, ನೀನು ಅಲ್ಲಿ ರಾಜೀನಾಮೆ ಕೊಟ್ಟುಬಿಡು ಅಂದರು. ಬೆಂಗಳೂರಿನ ಕೆಲಸದಲ್ಲಿ ತೊಂಬತ್ತು ದಿನದ ನೋಟಿಸ್ ಇದ್ದುದರಿಂದ ಅವಳು ಬೇಗ ಕೊಟ್ಟಳು. ಕಂಪನಿಯ ಅರ್ಜಿ ತಿರಸ್ಕಾರವಾಯಿತು. ಕೆಲವು ಕಾರಣಗಳಿಗೆ ತಿರಸ್ಕಾರವಾದರೆ ಆರು ತಿಂಗಳು ಮತ್ತೆ ಅರ್ಜಿ ಹಾಕುವಂತೆಯೇ ಇಲ್ಲ. ಅವಳ ಹತ್ತಿರ ಇಲ್ಲಿಯ ಕೆಲಸವೂ ಇಲ್ಲ, ಅಲ್ಲಿಯದೂ ಇಲ್ಲ. ಬೇರೆ ಕೆಲಸ ಸಿಕ್ಕಲು ತುಂಬಾ ದಿನ ಹಿಡಿಯಿತು. ಅವಳು ನನ್ನ ಹತ್ತಿರ ಬಂದದ್ದು ಎಲ್ಲ ಆದ ಮೇಲೆ. ಆ ಮಾಲೀಕರು ಕೆಟ್ಟವರಾಗಿರಲಿಕ್ಕಿಲ್ಲ, ಅವರಿಗೂ ಅದೇ ಮೊದಲ ಸಲ ಇರಬಹುದು. ಆದರೆ ನಷ್ಟ ಪೂರ್ತಿ ಅವಳ ತಲೆ ಮೇಲೆ ಬಂತು. ಲೈಸೆನ್ಸ್ ಕೈಗೆ ಬರುವ ಮೊದಲು, ವೀಸಾ ಅರ್ಜಿಗಾಗಿ ಕಂಪನಿ ನಿಮ್ಮ ಹೆಸರಿಗೆ ಕೊಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ನಂಬರ್ ಬರುವ ಮೊದಲು ಇಲ್ಲಿ ರಾಜೀನಾಮೆ ಕೊಡಬೇಡಿ. ಯಾರು ಎಷ್ಟೇ ಅವಸರ ಮಾಡಿದರೂ ಕೊಡಬೇಡಿ.

ಆ ಲೈಸೆನ್ಸ್ ಪಡೆಯುವುದು ಹುಡುಗಾಟ ಅಲ್ಲ. ಕಂಪನಿ ನಿಜವಾಗಿ ವ್ಯವಹಾರ ಮಾಡುತ್ತಿದೆ ಅನ್ನುವುದಕ್ಕೆ ಬ್ಯಾಂಕ್, ತೆರಿಗೆ, ವಿಮೆ, ಬಾಡಿಗೆ ಕರಾರು ಇಂಥ ದಾಖಲೆ ಕೊಡಬೇಕು. ಸಿಬ್ಬಂದಿಯ ದಾಖಲೆ ಹೇಗೆ ಇಡುತ್ತೀರಿ ಅಂತ ನೋಡಲು ವೀಸಾ ನೋಡಿಕೊಳ್ಳುವ ಬ್ರಿಟನ್ ಸರ್ಕಾರದ ಇಲಾಖೆಯಾದ ಹೋಮ್ ಆಫೀಸಿನವರು ಕಂಪನಿಯ ಆಫೀಸಿಗೇ ಬರಬಹುದು. ಸಣ್ಣ ಕಂಪನಿಗೆ ಲೈಸೆನ್ಸಿನ ಶುಲ್ಕ 2025ರ ಏಪ್ರಿಲ್‌ನಿಂದ 574 ಪೌಂಡ್ ಆಯಿತು. ಪ್ರತಿ ಉದ್ಯೋಗಿಯ ಸರ್ಟಿಫಿಕೇಟಿಗೆ 239 ಇದ್ದದ್ದು 525 ಆಯಿತು. ಇದಲ್ಲದೆ ಸ್ಕಿಲ್ಸ್ ಚಾರ್ಜ್ ಅಂತ ಕಂಪನಿ ಸರ್ಕಾರಕ್ಕೆ ಕಟ್ಟುವ ಇನ್ನೊಂದು ಶುಲ್ಕ ಇದೆ. ಸಣ್ಣ ಕಂಪನಿ ಒಬ್ಬ ಉದ್ಯೋಗಿಗೆ ವರ್ಷಕ್ಕೆ 364 ಪೌಂಡ್ ಕಟ್ಟಬೇಕಿತ್ತು, 2025ರ ಡಿಸೆಂಬರ್‌ನಲ್ಲಿ ಅದನ್ನು 480ಕ್ಕೆ ಏರಿಸಿದರು. ಸಂಬಳದ ಮಿತಿ ಏರಿದ್ದು ಇನ್ನೂ ಜೋರು. 2024ರ ಏಪ್ರಿಲ್‌ವರೆಗೆ 26,200 ಪೌಂಡ್ ಇತ್ತು, ಆಮೇಲೆ 38,700 ಆಯಿತು, 2025ರ ಜುಲೈಯಿಂದ 41,700. ಜೊತೆಗೆ ಪ್ರತಿ ಉದ್ಯೋಗಕ್ಕೂ ಬೇರೆ ದರ ಇದೆ, ಸಾಮಾನ್ಯವಾಗಿ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕು. ಸಾಫ್ಟ್‌ವೇರ್ ಕೆಲಸದ ದರ ಈ ಮಿತಿಗಿಂತಲೂ ಮೇಲೆ ಇದೆ.

ಸ್ಟಾರ್ಟಪ್‌ಗಳಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಅವರ ಪದ್ಧತಿ ಏನು? ಸಂಬಳ ಸ್ವಲ್ಪ ಕಮ್ಮಿ ಕೊಡ್ತೀವಿ, ಬದಲಿಗೆ ಷೇರು ಕೊಡ್ತೀವಿ, ಕಂಪನಿ ಬೆಳೆದರೆ ನೀನೂ ಬೆಳೀತೀಯ. ವೀಸಾ ಅಧಿಕಾರಿಗಳು ಆ ಷೇರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಂಗಳು ತಿಂಗಳು ಖಾತೆಗೆ ಬೀಳುವ ಖಚಿತ ಸಂಬಳವೇ ಲೆಕ್ಕ. ಇದು ನಮ್ಮ ಮಕ್ಕಳಿಗೆ ಒಂದು ರೀತಿಯ ರಕ್ಷಣೆ. ಷೇರಿನ ಆಸೆ ತೋರಿಸಿ ಅರ್ಧ ಸಂಬಳಕ್ಕೆ ದುಡಿಸಿಕೊಳ್ಳಲು ಆಗುವುದಿಲ್ಲ. ಅದೇ ಹೊತ್ತಿಗೆ, ಒಳ್ಳೆಯ ಉದ್ದೇಶ ಇದ್ದು ಕೈಯಲ್ಲಿ ದುಡ್ಡು ಕಮ್ಮಿ ಇರುವ ಕಂಪನಿಗೆ ಬಾಗಿಲು ಮುಚ್ಚುತ್ತದೆ. ಎರಡೂ ನಿಜ. ನನ್ನನ್ನು ಕೇಳಿದರೆ ಸಂಬಳದ ಮಿತಿ ಇರುವುದೇ ಒಳ್ಳೆಯದು. ಆದರೆ ಎರಡು ವರ್ಷದೊಳಗೆ ಅದನ್ನು ಇಷ್ಟು ಎತ್ತರಿಸಿದ್ದು ಸಣ್ಣವರ ಮೇಲೆ ಹೊರಿಸಿದ ಭಾರ ಅನ್ನಿಸುತ್ತದೆ. ಅಂದಹಾಗೆ ನಮ್ಮ ದೇಶದ ನಿಯಮವೂ ಬೇರೆ ಅಲ್ಲ. ಹೊರಗಿನವರಿಗೆ ಎಂಪ್ಲಾಯ್‌ಮೆಂಟ್ ವೀಸಾ ಕೊಡಬೇಕಾದರೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚು ಸಂಬಳ ಇರಬೇಕು.

ಅಮೆರಿಕದ ಮಾತು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. ಶಿವಮೊಗ್ಗದಲ್ಲಿ ವೀಸಾ ಅಂದರೆ ಇವತ್ತಿಗೂ ಎಚ್-1ಬಿ. 1990ರ ಕಾನೂನಿನಲ್ಲಿ ಹುಟ್ಟಿದ, ಅಮೆರಿಕದ ಕೆಲಸದ ವೀಸಾ ಅದು. ವರ್ಷಕ್ಕೆ ಕೊಡುವುದು 65 ಸಾವಿರ, ಅಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೊಂದು 20 ಸಾವಿರ. ಬೇಕಾದವರು ಅದಕ್ಕಿಂತ ಎಷ್ಟೋ ಜಾಸ್ತಿ ಇರುವುದರಿಂದ ಲಾಟರಿ. ದೊಡ್ಡ ಕಂಪನಿ ಸಾವಿರ ಜನರ ಹೆಸರು ಹಾಕಿ ಮುನ್ನೂರು ಬಂದರೂ ಕೆಲಸ ನಡೆಸುತ್ತದೆ. ಸ್ಟಾರ್ಟಪ್ ಒಬ್ಬರ ಹೆಸರು ಹಾಕುತ್ತದೆ. ಆ ಒಬ್ಬರು ಬರದಿದ್ದರೆ ಮುಂದಿನ ಮಾರ್ಚ್‌ವರೆಗೆ ಕಾಯಬೇಕು. ಕಾಯುವಷ್ಟು ದಿನ ಆ ಕಂಪನಿಯೇ ಬದುಕಿರುತ್ತದಾ ಅನ್ನುವುದೂ ಪ್ರಶ್ನೆ.

ಇಷ್ಟು ದಿನ ಖರ್ಚಾದರೂ ಸಣ್ಣ ಕಂಪನಿಯ ಕೈಗೆ ಎಟುಕುವಂತಿತ್ತು. ಇಪ್ಪತ್ತೈದು ಅಥವಾ ಅದಕ್ಕಿಂತ ಕಮ್ಮಿ ಜನ ಇರುವ ಕಂಪನಿಗೆ ಕೆಲವು ಶುಲ್ಕಗಳಲ್ಲಿ ರಿಯಾಯಿತಿ ಇದೆ. ಸರ್ಕಾರಕ್ಕೆ ಕಟ್ಟುವುದು ಎಲ್ಲ ಸೇರಿ ಎರಡು ಸಾವಿರ ಡಾಲರ್ ಚಿಲ್ಲರೆ, ಅದರ ಮೇಲೆ ವಕೀಲರ ಫೀಸು. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ಆ ಲೆಕ್ಕವನ್ನೇ ಬುಡಮೇಲು ಮಾಡಿತು. ಅಮೆರಿಕದ ಹೊರಗೆ ಇರುವವರಿಗೆ ಹೊಸ ಎಚ್-1ಬಿ ಅರ್ಜಿ ಹಾಕಬೇಕಾದರೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂದಿತು. ಹತ್ತಿರ ಹತ್ತಿರ 90 ಲಕ್ಷ ರೂಪಾಯಿ. ದೊಡ್ಡವರು ಯೋಚಿಸಿ ಕಟ್ಟಬಹುದು. ಹದಿನೈದು ಜನರ ಕಂಪನಿಗೆ ಅದು ಒಬ್ಬ ಎಂಜಿನಿಯರಿನ ಪೂರ್ತಿ ವರ್ಷದ ಸಂಬಳ. ಈಗಾಗಲೇ ಅಲ್ಲಿ ಓದುತ್ತಿದ್ದು, ಅಲ್ಲೇ ಇದ್ದುಕೊಂಡು ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಈ ಶುಲ್ಕ ಇಲ್ಲ ಅಂತ ಆ ವರ್ಷದ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದರು. 2026ರಿಂದ ಲಾಟರಿಯೂ ಬದಲಾಯಿತು. ಸಂಬಳದಲ್ಲಿ ನಾಲ್ಕು ಹಂತ ಮಾಡಿ, ಮೇಲಿನ ಹಂತದವರ ಹೆಸರು ನಾಲ್ಕು ಸಲ, ಕೆಳಗಿನ ಹಂತದವರ ಹೆಸರು ಒಂದೇ ಸಲ ಹಾಕುವ ಕ್ರಮ ಬಂತು. ಹೊಸದಾಗಿ ಓದು ಮುಗಿಸಿ ಸ್ಟಾರ್ಟಪ್ ಸೇರುವವರು ಸಾಮಾನ್ಯವಾಗಿ ಯಾವ ಹಂತದಲ್ಲಿ ಇರುತ್ತಾರೆ ಅಂತ ಬೇರೆ ಹೇಳಬೇಕಾ?

ಇದರ ಪರಿಣಾಮ ನಮ್ಮ ಮನೆಗಳ ಮೇಲೆ ಬೀಳುತ್ತದೆ. ಇಲ್ಲಿಂದ ನೇರವಾಗಿ ಕೆಲಸಕ್ಕೆ ಹೋಗುವ ದಾರಿ ಕಿರಿದಾದಷ್ಟೂ ಅಲ್ಲೇ ಹೋಗಿ ಮಾಸ್ಟರ್ಸ್ ಮಾಡುವ ಒತ್ತಡ ಹೆಚ್ಚುತ್ತದೆ. ಅದಕ್ಕೆ ಸಾಲ ಬೇಕು. ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ನಮ್ಮ ಕಡೆ ಅಡಮಾನಕ್ಕೆ ಇರುವುದು ಮನೆ ಅಥವಾ ಜಾಗ. ಎಲೆಚುಕ್ಕಿ ರೋಗ ಹಿಡಿದು ತೋಟದ ಫಸಲು ಕುಸಿದಿರುವ ಊರುಗಳಲ್ಲಿ ಹೀಗೆ ಸಾಲ ಮಾಡಿ ಕಳಿಸಿದ ಅಪ್ಪಂದಿರನ್ನು ನಾನು ಬಲ್ಲೆ. ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಮಾಡಲು ಬಿಡುತ್ತಾರೆ, ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇನ್ನೆರಡು ವರ್ಷ ಸಿಗುತ್ತದೆ. ಆ ಎರಡು ವರ್ಷಕ್ಕೆ ಕಂಪನಿ ಇ-ವೆರಿಫೈ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಷ್ಟೋ ಸ್ಟಾರ್ಟಪ್‌ಗಳು ಆ ಗೋಜಿಗೇ ಹೋಗಿರುವುದಿಲ್ಲ. ಸೇರುವ ಮೊದಲೇ ಕೇಳಿಕೊಳ್ಳಬೇಕಾದ ಸಂಗತಿ.

ಜರ್ಮನಿ, ನೆದರ್ಲೆಂಡ್ಸ್ ಬಗ್ಗೆ ನಮ್ಮಲ್ಲಿ ಮಾತು ಕಮ್ಮಿ. ಸಣ್ಣ ಕಂಪನಿಗೆ ಅವು ಎಷ್ಟೋ ಸಲೀಸು. ಜರ್ಮನಿಯಲ್ಲಿ ಕಂಪನಿ ಮೊದಲೇ ಲೈಸೆನ್ಸ್ ತೆಗೆದುಕೊಳ್ಳಬೇಕಾಗಿಲ್ಲ, ಲಾಟರಿಯೂ ಇಲ್ಲ. ಕೆಲಸ, ಸಂಬಳ, ಓದು ನಿಯಮಕ್ಕೆ ಹೊಂದಿದರೆ ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಸಿಗುತ್ತದೆ. 2025ರಲ್ಲಿ ಸಂಬಳದ ಮಿತಿ ವರ್ಷಕ್ಕೆ 48,300 ಯೂರೋ, ಐಟಿಯಂಥ ಜನ ಸಾಲದ ಕೆಲಸಗಳಿಗೆ ಸುಮಾರು 43,760 ಇತ್ತು. ನಮ್ಮ ಡಿಗ್ರಿಗೆ ಅಲ್ಲಿ ಮಾನ್ಯತೆ ಇದೆಯಾ ಅಂತ ಅನಾಬಿನ್ ಅನ್ನುವ ವೆಬ್‌ಸೈಟಿನಲ್ಲಿ ವಿಶ್ವವಿದ್ಯಾಲಯದ ಹೆಸರು ಹಾಕಿ ನೋಡಬಹುದು. 2024ರಲ್ಲಿ ಆ ದೇಶ ಭಾರತೀಯ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ನೆದರ್ಲೆಂಡ್ಸ್‌ನಲ್ಲಿ ಹೊರಗಿನವರನ್ನು ಕರೆಸಲು ಮಾನ್ಯತೆ ಪಡೆದ ಕಂಪನಿಗಳ ಪಟ್ಟಿ ಎಲ್ಲರಿಗೂ ನೋಡಲು ಸಿಗುತ್ತದೆ. ಒಂದೂವರೆ ವರ್ಷವೂ ತುಂಬದ ಕಂಪನಿ ಆ ಮಾನ್ಯತೆ ಕೇಳಿದರೆ ಅದರ ವ್ಯವಹಾರದ ಯೋಜನೆಯನ್ನೇ ತೆಗೆದು ಪರೀಕ್ಷಿಸುತ್ತಾರೆ. ಕಂಪನಿ ಉಳಿಯುತ್ತದಾ ಅಂತ ಅಲ್ಲಿ ಸರ್ಕಾರವೇ ಒಂದು ಸಲ ಕೇಳಿರುತ್ತದೆ ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಕಂಪನಿ ಮುಚ್ಚಿದರೆ ಏನಾಗುತ್ತದೆ? ಅಮೆರಿಕದಲ್ಲಿ ಕೆಲಸ ಹೋದ ದಿನದಿಂದ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಅಥವಾ ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲ ಹೊರಡಬೇಕು. ಬ್ರಿಟನ್‌ನಲ್ಲಿ ಸರ್ಕಾರದ ಪತ್ರ ಬಂದ ಮೇಲೆ ಸಾಮಾನ್ಯವಾಗಿ 60 ದಿನ. ನೆದರ್ಲೆಂಡ್ಸ್‌ನಲ್ಲಿ ಮೂರು ತಿಂಗಳು. ಬ್ರಿಟನ್‌ನಲ್ಲಿ ಕಂಪನಿ ಮುಚ್ಚಬೇಕು ಅಂತಲೂ ಇಲ್ಲ, ಯಾವುದೋ ನಿಯಮ ಮುರಿದು ಅದರ ಲೈಸೆನ್ಸ್ ರದ್ದಾದರೂ ಇದೇ ಗತಿ. ನೀವು ಏನೂ ತಪ್ಪು ಮಾಡಿರುವುದಿಲ್ಲ.

2023ರ ಮಾರ್ಚ್ 10ರ ಶುಕ್ರವಾರ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದದ್ದು ನೆನಪಿದೆಯಾ? ಎಷ್ಟೋ ಸ್ಟಾರ್ಟಪ್‌ಗಳ ಪೂರ್ತಿ ಹಣ ಅದೊಂದೇ ಬ್ಯಾಂಕಿನಲ್ಲಿತ್ತು. ಸೋಮವಾರ ಸಂಬಳ ಹಾಕುವುದು ಹೇಗೆ ಅಂತ ಮಾಲೀಕರು ಕಂಗಾಲಾದರು. ಭಾನುವಾರ ಸಂಜೆ ಅಮೆರಿಕ ಸರ್ಕಾರ ಎಲ್ಲ ಠೇವಣಿಗೂ ತಾನು ಹೊಣೆ ಅಂತ ಹೇಳಿದ ಮೇಲೆ ಉಸಿರು ಬಂತು. ಎಚ್-1ಬಿ ಉದ್ಯೋಗಿಗೆ ಸಂಬಳ ತಪ್ಪಿಸುವುದು ಕಾನೂನು ಮುರಿದಂತೆ. ಕೆಲಸ ಇಲ್ಲ ಅಂತ ಖಾಲಿ ಕೂರಿಸಿದರೂ ಸಂಬಳ ಕೊಡಲೇಬೇಕು. ಅವಧಿಗೆ ಮುಂಚೆ ತಾನೇ ತೆಗೆದುಹಾಕಿದರೆ ಊರಿಗೆ ಮರಳುವ ಪ್ರಯಾಣದ ಖರ್ಚನ್ನೂ ಕಂಪನಿಯೇ ಕೊಡಬೇಕು. ಈ ಹಕ್ಕುಗಳು ಪುಸ್ತಕದಲ್ಲಿ ಇವೆ. ಖಾತೆ ಖಾಲಿಯಾದ ಕಂಪನಿಯಿಂದ ವಸೂಲಿ ಮಾಡುವುದು ಬೇರೆ ಮಾತು. ಅದಕ್ಕೇ ಮೊದಲೇ ನೋಡಿ ಅನ್ನುವುದು.

ಇನ್ನೊಂದು ವಿಷಯ ಮನೆಯ ಹಿರಿಯರಿಗಾಗಿ ಬರೆಯುತ್ತಿದ್ದೇನೆ. ಅಡಿಕೆ ಕೊಯ್ಲಿನ ಹೊತ್ತಿಗೆ ಬಾ, ಎರಡು ತಿಂಗಳು ಇಲ್ಲೇ ಇದ್ದು ಕಂಪ್ಯೂಟರಲ್ಲಿ ಕೆಲಸ ಮಾಡು ಅಂತ ಅಪ್ಪ ಅಮ್ಮ ಕರೆಯುತ್ತಾರೆ. ಬೆಂಗಳೂರಿನವರು ಹಾಗೆ ಬರುತ್ತಾರಲ್ಲ, ಇವನಿಗೆ ಎಂತ ಕಷ್ಟ ಅನ್ನಿಸುತ್ತದೆ. ಬ್ರಿಟನ್‌ನ ಸ್ಪಾನ್ಸರ್ ವೀಸಾದಲ್ಲಿ ಉದ್ಯೋಗಿ ಕೆಲಸ ಮಾಡುವ ಜಾಗ ಬದಲಾದರೆ ಕಂಪನಿ ಸರ್ಕಾರಕ್ಕೆ ತಿಳಿಸಬೇಕಾಗುತ್ತದೆ. ಸಂಬಳವಿಲ್ಲದ ರಜೆ ಒಂದು ವರ್ಷದಲ್ಲಿ ನಾಲ್ಕು ವಾರ ದಾಟಿದರೆ, ಹೆರಿಗೆ, ಕಾಯಿಲೆಯಂಥ ಕೆಲವು ಕಾರಣ ಬಿಟ್ಟರೆ, ಸ್ಪಾನ್ಸರ್ ಮಾಡುವುದನ್ನೇ ನಿಲ್ಲಿಸಬೇಕಾಗುತ್ತದೆ. ಹದಿನಾಲ್ಕು ಜನರ ಕಂಪನಿಯಲ್ಲಿ ಇಂಥ ಒಂದು ವರದಿ ತಪ್ಪಿದರೆ ಕಂಪನಿಯ ಲೈಸೆನ್ಸಿಗೇ ತೊಂದರೆ, ಅದರಿಂದ ವೀಸಾದಲ್ಲಿ ಇರುವ ಎಲ್ಲರಿಗೂ ತೊಂದರೆ. ಹಾಗಾಗಿ ಬರಲಿಲ್ಲ ಅಂತ ಮಕ್ಕಳ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಹೋಗುವ ಮೊದಲೇ ಮನೆಯಲ್ಲಿ ಕೂತು ಈ ಮಾತು ಆಡಿಬಿಡಿ. ಅಪ್ಪನಿಗೆ ಹುಷಾರು ತಪ್ಪಿದರೆ ಯಾರು ನೋಡಿಕೊಳ್ಳುತ್ತಾರೆ, ಔಷಧಿ ಹೊಡೆಸುವುದು ಯಾರು, ಅಡಿಕೆ ಗೊನೆ ಕೊಯ್ಯುವ ಕೊನೆಗಾರರನ್ನು ಕರೆಸುವುದು ಯಾರು ಅಂತ.

ಕೊನೆಗೆ ದುಡ್ಡು ಯಾರು ಕೊಡಬೇಕು ಅನ್ನುವ ವಿಷಯ. ಇದರಲ್ಲಿ ನನಗೆ ಸಿಟ್ಟೇ ಬರುತ್ತದೆ. ಸ್ಟಾರ್ಟಪ್ ಒಂದು ಸ್ಪಾನ್ಸರ್ ಮಾಡಲು ತಯಾರಿದೆ, ನೀವು ಹತ್ತು ಹದಿನೈದು ಲಕ್ಷ ಕೊಟ್ಟರೆ ಆಯ್ತು ಅಂತ ಹೇಳುವ ಏಜೆಂಟರು ನಮ್ಮ ಕಡೆಗೂ ಬಂದಿದ್ದಾರೆ. ಅದು ಕೆಲಸ ಕೊಡುವುದಲ್ಲ, ಕೆಲಸ ಮಾರುವುದು. ಬ್ರಿಟನ್‌ನಲ್ಲಿ ಸ್ಕಿಲ್ಸ್ ಚಾರ್ಜನ್ನು ಉದ್ಯೋಗಿಯಿಂದ ವಸೂಲಿ ಮಾಡುವಂತಿಲ್ಲ. 2024ರ ಡಿಸೆಂಬರ್ 31ರಿಂದ ಲೈಸೆನ್ಸಿನ ಮತ್ತು ಸರ್ಟಿಫಿಕೇಟಿನ ಶುಲ್ಕವನ್ನೂ ಹೊರಿಸುವಂತಿಲ್ಲ. ವೀಸಾ ಅರ್ಜಿಯ ಶುಲ್ಕ ಮತ್ತು ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಶುಲ್ಕ ಮಾತ್ರ ನಿಮ್ಮ ಪಾಲಿಗೆ ಬರಬಹುದು, ಒಳ್ಳೆಯ ಕಂಪನಿಗಳು ಅದನ್ನೂ ತಾವೇ ಕಟ್ಟುತ್ತವೆ. ಅಮೆರಿಕದಲ್ಲೂ ಎಚ್-1ಬಿ ಅರ್ಜಿಯ ಖರ್ಚು ಕಂಪನಿಯದು. ಇಲ್ಲಿಂದ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವರ ಹೆಸರು ಹುಡುಕಿ ನೋಡಬಹುದು.

ಇದನ್ನೆಲ್ಲ ನೋಡುವುದು ಕಷ್ಟದ ಕೆಲಸವೇ ಅಲ್ಲ. ಎಲ್ಲಿ ನೋಡಬೇಕು ಅಂತ ಒಮ್ಮೆ ತೋರಿಸಿದರೆ ಸಾಕು, ನಮ್ಮ ಮಕ್ಕಳು ನನಗಿಂತ ಚುರುಕಾಗಿ ಹುಡುಕುತ್ತಾರೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಟರ್‌ವ್ಯೂಗೆ ಹೇಗೆ ಉತ್ತರ ಕೊಡಬೇಕು ಅಂತ ವಾರಗಟ್ಟಲೆ ಕಲಿಸುತ್ತಾರೆ. ಕಂಪನಿಗೆ ಏನು ಕೇಳಬೇಕು, ಅದರ ಲೆಕ್ಕ ಎಲ್ಲಿ ಸಿಗುತ್ತದೆ ಅನ್ನುವುದಕ್ಕೂ ಒಂದು ಮಧ್ಯಾಹ್ನ ಇಡಲಿ ಅನ್ನುವುದು ನನ್ನ ಆಸೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲೇ ಆದರೂ ಸರಿ, ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಸಿ. ಕೊಯ್ಲು ಮುಗಿದ ಮೇಲೆ ಯಾವ ಶನಿವಾರವಾದರೂ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ. ಪ್ರೊಜೆಕ್ಟರ್ ಮತ್ತು ಇಂಟರ್ನೆಟ್ ಇದ್ದರೆ ಸಾಕು. ಆಫರ್ ಲೆಟರ್ ಕೈಯಲ್ಲಿ ಇರುವ ಮಕ್ಕಳು ಅದನ್ನೂ ತರಲಿ, ಸಾಧ್ಯವಾದರೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಬರಲಿ.